ಗಾಜಿನ ತೊಟ್ಟಿಯಲ್ಲಿ ಯಾವ ಮೀನಿನೊಂದಿಗೆ ಯಾವ ಮೀನು?

ಮನೆಭೇಟಿಗೆ ಹೋದಾಗ ಮೊದಲೆಲ್ಲ ಚಾವಡಿಯಲ್ಲಿ ನಮ್ಮ ಕಣ್ಣಿಗೆ ಬೀಳುತ್ತಿದ್ದುದು ಅಡಿಕೆಯ ಗೋಣಿ, ಕಾಳುಮೆಣಸಿನ ಚೀಲ, ಮೂಲೆಯಲ್ಲಿ ಒಂದು ಸ್ಪ್ರೇ ಪಂಪು. ಈಗ ಇವುಗಳ ಜೊತೆಗೆ ಹಲವು ಮನೆಗಳಲ್ಲಿ ಟಿ.ವಿ.ಯ ಪಕ್ಕದಲ್ಲಿ ಬಣ್ಣದ ಮೀನುಗಳ ಗಾಜಿನ ತೊಟ್ಟಿಯೂ ಬಂದು ಕುಳಿತಿದೆ. ನಮಗೆ ಇದರಲ್ಲಿ ಸಂತೋಷವೇ. ಮಕ್ಕಳು ಒಂದು ಜೀವಿಯನ್ನು ದಿನಾಲೂ ನೋಡಿ, ಅದಕ್ಕೆ ಹೊತ್ತು ಹೊತ್ತಿಗೆ ಆಹಾರ ಹಾಕಿ, ನೀರು ಬದಲಿಸಿ ಬೆಳೆಯುವುದು ಒಳ್ಳೆಯದು. ಆದರೆ ಕಳೆದ ವರ್ಷ ಒಂದು ಮನೆಯಲ್ಲಿ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಗೆ ನಾವು ತಕ್ಷಣ ಉತ್ತರ ಕೊಡಲಾರದೆ ಹೋದೆವು.

“ಫಾದರ್, ಈ ನೀಲಿ ಮೀನು ಹನ್ನೆರಡು ಇತ್ತು. ಈಗ ಐದೇ ಉಂಟು. ಸತ್ತದ್ದು ಒಂದೂ ಸಿಗ್ಲಿಲ್ಲ. ಎಲ್ಲಿಗೆ ಹೋಯ್ತು?”

ನೀಲಿ ಮೀನು ಎಂದರೆ ನಿಯೋನ್ ಟೆಟ್ರಾ. ಅದೇ ತೊಟ್ಟಿಯಲ್ಲಿ ಮೂರು ಏಂಜಲ್ ಮೀನುಗಳಿದ್ದವು. ತಂದಾಗ ಅವು ರೂಪಾಯಿ ನಾಣ್ಯದಷ್ಟು ಇದ್ದುವಂತೆ. ಎಂಟು ತಿಂಗಳಲ್ಲಿ ಹುಡುಗಿಯ ಅಂಗೈಯಷ್ಟಾಗಿದ್ದವು. ಅವುಗಳ ಹೊಟ್ಟೆ ತುಂಬಿದ್ದನ್ನು ನೋಡಿದರೆ ಉತ್ತರ ಹೇಳುವ ಅಗತ್ಯವೇ ಇರಲಿಲ್ಲ. ಮನೆಯ ಯಜಮಾನರು, “ಅಂಗಡಿಯವ ಎಲ್ಲ ಒಟ್ಟಿಗೆ ಇರ್ತದೆ ಅಂತ ಹೇಳಿದ್ದ ಫಾದರ್” ಎಂದು ಬೇಸರಪಟ್ಟರು. ಅಂಗಡಿಯವನು ಸುಳ್ಳು ಹೇಳಿರಲಿಕ್ಕಿಲ್ಲ. ಮಾರಿದ ದಿನ ಅವು ಒಟ್ಟಿಗೇ ಇದ್ದವು.

ಏಂಜಲ್ ಮೀನಿನದ್ದೂ ತಪ್ಪಿಲ್ಲ. ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಕಡೆಯಿಂದ ಬಂದ ಮೀನು ಅದು. ಅಲ್ಲಿ ಬಾಯಿಗೆ ಹಿಡಿಸುವ ಸಣ್ಣ ಮೀನನ್ನು ತಿಂದೇ ಬದುಕುತ್ತದೆ. ಅದಕ್ಕೆ ‘ಏಂಜಲ್’ ಎಂದು ಹೆಸರಿಟ್ಟವರು ನಾವು. ಮೀನಿಗೆ ಆ ಹೆಸರು ಗೊತ್ತಿಲ್ಲ. ತಪ್ಪು ಆಯ್ಕೆಯಲ್ಲಿದೆ. ಈ ಅಂಕಣದಲ್ಲಿ ಅಡಿಕೆಯ ಕೊಳೆರೋಗದಿಂದ ಹಿಡಿದು ಮಕ್ಕಳ ಜಂತುಹುಳದವರೆಗೆ ಬರೆದಿದ್ದೇವೆ. ಮೀನಿನ ತೊಟ್ಟಿಯ ಬಗ್ಗೆ ಬರೆಯುವುದು ಸ್ವಲ್ಪ ಶೋಕಿಯ ವಿಷಯವೆಂದು ಕೆಲವರಿಗೆ ಕಂಡೀತು. ಆದರೆ ಗಾಜಿನ ತೊಟ್ಟಿಯ ತಪ್ಪು ಆಯ್ಕೆ ಗಾಜಿನೊಳಗೇ ಮುಗಿಯುವುದಿಲ್ಲ, ತೋಡಿಗೂ ಕೆರೆಗೂ ಬರುತ್ತದೆ ಎಂಬುದನ್ನು ನಾವು ಸ್ವತಃ ಕಷ್ಟಪಟ್ಟು ಕಲಿತಿದ್ದೇವೆ. ಆ ಕಥೆಯನ್ನು ಮುಂದೆ ಹೇಳುತ್ತೇವೆ.

ಕೃಷಿಕರಿಗೆ ಇದನ್ನು ವಿವರಿಸುವುದು ಸುಲಭ. ನಮ್ಮ ಅಡಿಕೆ ತೋಟವನ್ನು ನೋಡಿ. ಮೇಲೆ ಅಡಿಕೆಯ ಸೋಗೆ, ಮರಕ್ಕೆ ಹಬ್ಬಿದ ಕಾಳುಮೆಣಸು, ನಡುವೆ ಕೊಕ್ಕೋ, ಬಾಳೆ, ಕೆಳಗೆ ಅನಾನಸು. ಒಂದೊಂದಕ್ಕೂ ಅದರದರ ಎತ್ತರ, ಅದರದರ ಬಿಸಿಲು. ಕಾಸರಗೋಡಿನ ಸಿ.ಪಿ.ಸಿ.ಆರ್.ಐ.ಯವರು ಹಲವು ವರ್ಷಗಳಿಂದ ಹೇಳುತ್ತಾ ಬಂದಿರುವ ಮಿಶ್ರಬೆಳೆಯ ತತ್ವ ಇದೇ. ತೋಟದ ನಡುವೆ ಆಲದ ಗಿಡವನ್ನು, “ಈಗ ಸಣ್ಣದಲ್ಲವೇ” ಎಂದು ಯಾರೂ ನೆಡುವುದಿಲ್ಲ. ಗಿಡ ಮುಂದೆ ಎಷ್ಟಾಗುತ್ತದೆ, ಬೇರು ಎಲ್ಲಿಗೆ ಹೋಗುತ್ತದೆ ಎಂದು ನೋಡಿಯೇ ನೆಡುತ್ತೇವೆ.

ಕೆರೆಯಲ್ಲಿ ತಿನ್ನುವ ಮೀನು ಸಾಕುವವರಿಗೂ ಈ ಲೆಕ್ಕ ಗೊತ್ತಿದೆ. ಕಟ್ಲಾ ಮೇಲು ನೀರಿನಲ್ಲಿ ಮೇಯುತ್ತದೆ, ರೋಹು ನಡು ನೀರಿನಲ್ಲಿ, ಮೃಗಾಲ್ ತಳದಲ್ಲಿ. ಹತ್ತು ಮರಿಗಳಲ್ಲಿ ನಾಲ್ಕು ಕಟ್ಲಾ, ಮೂರು ರೋಹು, ಮೂರು ಮೃಗಾಲ್ ಎಂಬುದು ಸಾಮಾನ್ಯವಾಗಿ ಹೇಳುವ ಪ್ರಮಾಣ. ಮೂರೂ ಒಂದರ ಊಟಕ್ಕೆ ಇನ್ನೊಂದು ಕೈ ಹಾಕುವುದಿಲ್ಲ, ಒಂದನ್ನೊಂದು ತಿನ್ನುವುದೂ ಇಲ್ಲ. ಅದೇ ಕೆರೆಗೆ ಮಳೆನೀರಿನಲ್ಲಿ ನಾಲ್ಕು ಕೊರವ ಮೀನಿನ ಮರಿಗಳು ನುಗ್ಗಿದರೆ, ಮಲೆಯಾಳದಲ್ಲಿ ವರಾಲ್ ಎನ್ನುತ್ತಾರಲ್ಲ ಅದೇ, ಪೇಟೆಯಿಂದ ದುಡ್ಡು ಕೊಟ್ಟು ತಂದ ಮರಿಗಳ ಗತಿ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಕೆರೆಗೆ ಇಷ್ಟು ಯೋಚಿಸುವ ನಾವೇ ಪೇಟೆಯ ಮೀನಿನಂಗಡಿಗೆ ಹೋದಾಗ ಯೋಚನೆಯನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಹೋಗುತ್ತೇವೆ. ಮಗು ಬೆರಳು ತೋರಿಸುತ್ತದೆ: ಅದೊಂದು, ಇದೊಂದು, ಆ ಕೆಂಪಿನದ್ದು ಎರಡು. ಪ್ಲಾಸ್ಟಿಕ್ ಚೀಲದಲ್ಲಿ ಐದು ದೇಶದ ಐದು ಜಾತಿ ಮನೆಗೆ ಬರುತ್ತವೆ. ಚಂದವಿದೆಯೇ ಎಂದು ಕೇಳುವ ಮೊದಲು, ಇದು ಬೆಳೆದು ಎಷ್ಟಾಗುತ್ತದೆ, ಇದರ ಬಾಯಿಗೆ ಏನು ಹಿಡಿಸುತ್ತದೆ, ನಮ್ಮ ಮನೆಯ ನೀರು ಇದಕ್ಕೆ ಒಗ್ಗುತ್ತದೆಯೇ ಎಂದು ಕೇಳಬೇಕೆಂಬುದೇ ನಮ್ಮ ಅಭಿಪ್ರಾಯ.

ಬೆಳವಣಿಗೆಯ ವಿಷಯದಲ್ಲಿ ಮೋಸಹೋಗುವವರೇ ಹೆಚ್ಚು. ಅಂಗಡಿಯಲ್ಲಿ ಬೆರಳುದ್ದದ ಆಸ್ಕರ್ ಮೀನು ಒಂದು ಅಡಿಯವರೆಗೂ ಬೆಳೆದು, ತೊಟ್ಟಿಯಲ್ಲಿ ಬಾಯಿಗೆ ಹಿಡಿಸುವುದನ್ನೆಲ್ಲ ನುಂಗುತ್ತದೆ. ಪಾಚಿ ತಿಂದು ಗಾಜು ಸ್ವಚ್ಛ ಮಾಡುತ್ತದೆ ಎಂದು ಕೊಡುವ ಸಕ್ಕರ್ ಮೀನು ಎರಡು ಇಂಚಿನದ್ದು. ಅದು ಒಂದೂವರೆ ಅಡಿಯಾಗಬಲ್ಲ ಮೀನು. ಗೋಲ್ಡ್ ಫಿಶ್ ಸಹ ನೋಡಲು ಸಾಧು, ಆದರೆ ಅದು ಚೀನಾ ದೇಶದಲ್ಲಿ ಗೆಂಡೆಯ ಬಳಗದಿಂದ ಬಂದ ಮೀನು. ತಂಪು ನೀರು ಬೇಕು, ಗೇಣುದ್ದ ಬೆಳೆಯುತ್ತದೆ, ಹತ್ತು ವರ್ಷಕ್ಕೂ ಮೇಲೆ ಬದುಕಬಲ್ಲದು, ತಿಂದಷ್ಟೇ ಹೊಲಸು ಮಾಡುತ್ತದೆ. ಬಿಸಿನಾಡಿನ ಸಣ್ಣ ಮೀನುಗಳ ಜೊತೆ ಅದನ್ನು ಹಾಕುವುದು ಇಬ್ಬರಿಗೂ ಅನ್ಯಾಯ. ಗೋಲ್ಡ್ ಫಿಶ್ ಬೇಕಾದವರು ಅದನ್ನು ಮಾತ್ರ ಸಾಕಲಿ, ಅದೂ ದೊಡ್ಡ ತೊಟ್ಟಿಯಲ್ಲಿ. ಗುಂಡಗಿನ ಗಾಜಿನ ಬಟ್ಟಲಿನಲ್ಲಿ ಗೋಲ್ಡ್ ಫಿಶ್ ಇಡುವುದನ್ನು ಸಿನಿಮಾದವರು ಕಲಿಸಿದ್ದು. ಅದು ಮೀನಿಗೆ ಜೈಲು.

ಗುಣದ ಮಾತು ಬೇರೆ. ಗಾತ್ರ ಸಣ್ಣದಾದ ಮಾತ್ರಕ್ಕೆ ಸ್ವಭಾವ ಸಾಧುವಾಗಬೇಕೆಂದಿಲ್ಲ. ಸಯಾಂ ದೇಶದ ಫೈಟರ್ ಮೀನು ಎರಡೂವರೆ ಇಂಚು. ಎರಡು ಗಂಡುಗಳು ಒಂದೇ ತೊಟ್ಟಿಯಲ್ಲಿದ್ದರೆ ಹರಿದುಕೊಳ್ಳುತ್ತವೆ. ಉದ್ದ ಬಾಲದ ಬಣ್ಣದ ಗಪ್ಪಿಯನ್ನು ಕಂಡರೆ ಅದೂ ತನ್ನ ಎದುರಾಳಿಯೆಂದೇ ಬಗೆದು ಮೇಲೆರಗುವುದುಂಟು. ಟೈಗರ್ ಬಾರ್ಬ್ ಎಂಬ ಪಟ್ಟೆ ಮೀನು ಕೊಲ್ಲುವುದಿಲ್ಲ, ಆದರೆ ಏಂಜಲ್ ಮೀನಿನ ಜೋತುಬಿದ್ದ ರೆಕ್ಕೆಗಳನ್ನು ಕಚ್ಚಿ ಕಚ್ಚಿ ಚಿಂದಿ ಮಾಡುತ್ತದೆ. ವಿಚಿತ್ರವೆಂದರೆ ಟೈಗರ್ ಬಾರ್ಬ್ ಎರಡೇ ಇದ್ದರೆ ಈ ಕೀಟಲೆ ಹೆಚ್ಚು. ಎಂಟು ಹತ್ತು ಇದ್ದರೆ ಜಗಳವನ್ನು ತಮ್ಮೊಳಗೇ ಆಡಿಕೊಂಡು ಇತರರನ್ನು ಹೆಚ್ಚಾಗಿ ಬಿಟ್ಟುಬಿಡುತ್ತವೆ. ನಿಯೋನ್ ಟೆಟ್ರಾದಂತಹ ಗುಂಪಿನ ಮೀನುಗಳನ್ನು ಒಂದೆರಡು ತಂದರೆ ಅವು ಹೆದರಿಕೆಯಿಂದ ಮೂಲೆ ಹಿಡಿದು, ಬಣ್ಣ ಮಾಸಿ, ಉಣ್ಣದೆ ಸಾಯುತ್ತವೆ. ಆರಕ್ಕಿಂತ ಕಡಿಮೆ ತರಬಾರದು. ಆದುದರಿಂದ, ‘ಎಲ್ಲದರಲ್ಲಿ ಒಂದೊಂದು ಜೋಡಿ’ ಎಂಬ ನಮ್ಮ ರೂಢಿಯ ಆಯ್ಕೆಯೇ ತಪ್ಪು. ನೋಹನ ನಾವೆಗೆ ಅದು ಸರಿಹೋದೀತು, ಎರಡು ಅಡಿಯ ತೊಟ್ಟಿಗೆ ಅಲ್ಲ.

ಇನ್ನು ನೀರು. ಇದನ್ನು ಯಾವ ಅಂಗಡಿಯವನೂ ಕೇಳುವುದಿಲ್ಲ, ಕೊಳ್ಳುವವರೂ ಹೇಳುವುದಿಲ್ಲ. ನಮ್ಮ ಕಡೆಯದು ಮುರಕಲ್ಲಿನ ನೆಲ. ಮಣ್ಣು ಹುಳಿ, ತೋಟಕ್ಕೆ ಸುಣ್ಣ ಹಾಕಿ ಎಂದು ಕೃಷಿ ಭವನದವರು ಹೇಳುವುದು ಅದಕ್ಕೇ. ಈ ನೆಲದ ಬಾವಿ ಮತ್ತು ಸುರಂಗದ ನೀರಿಗೂ ಸಾಮಾನ್ಯವಾಗಿ ಸ್ವಲ್ಪ ಹುಳಿಯ ಗುಣವಿದೆ, ಅದು ಮೃದು ನೀರು. ಸಾಬೂನು ಬೇಗ ನೊರೆ ಬರುತ್ತದೆ. ನಿಯೋನ್‌ನಂತಹ ಅಮೆಜಾನ್ ಕಡೆಯ ಮೀನುಗಳಿಗೆ ಇದು ತವರಿನ ನೀರು. ಆದರೆ ಮೊಲ್ಲಿ, ಪ್ಲೇಟಿ, ಗಪ್ಪಿ ಮುಂತಾದ ಮರಿ ಹಾಕುವ ಮೀನುಗಳಿಗೆ ಸುಣ್ಣದ ಅಂಶವಿರುವ ಗಡುಸು ನೀರು ಹಿತ. ನಮ್ಮ ಬಾವಿ ನೀರಿನಲ್ಲಿ ಮೊಲ್ಲಿ ರೆಕ್ಕೆ ಮಡಚಿಕೊಂಡು ನಿಂತಲ್ಲೇ ನಡುಗುತ್ತಿದ್ದರೆ ಅದಕ್ಕೆ ಚಳಿಜ್ವರವಲ್ಲ; ಹೆಚ್ಚಾಗಿ ನೀರು ಒಗ್ಗದೆ ಹೀಗಾಗುತ್ತದೆ. ನಮ್ಮ ಸಂಬಂಧಿಕರೊಬ್ಬರು ಉದ್ಯೋಗದ ನಿಮಿತ್ತ ಸೊಲ್ಲಾಪುರದಲ್ಲಿದ್ದಾರೆ. ಅವರ ಮನೆಯ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವಷ್ಟು ಗಡುಸು. ಅಲ್ಲಿ ಮೊಲ್ಲಿ ಮರಿ ಮೇಲೆ ಮರಿ ಹಾಕುತ್ತದೆ, ನಿಯೋನ್ ತಂದದ್ದು ನಿಲ್ಲಲೇ ಇಲ್ಲ. ಇಲ್ಲಿ ಮೊಲ್ಲಿಯೇ ಬೇಕೆನ್ನುವವರು ಮರುವಾಯಿಯ ಚಿಪ್ಪನ್ನು ಚೆನ್ನಾಗಿ ತೊಳೆದು, ಕುದಿಸಿ, ಪುಡಿಮಾಡಿ ಒಂದು ಹಿಡಿಯಷ್ಟನ್ನು ಬಟ್ಟೆಯಲ್ಲಿ ಕಟ್ಟಿ ಫಿಲ್ಟರ್‌ನೊಳಗೆ ಇಡಬಹುದು. ನಿಧಾನವಾಗಿ ನೀರು ಗಡುಸಾಗುತ್ತದೆ. ಆದರೆ ಆ ತೊಟ್ಟಿಗೆ ನಿಯೋನ್ ಬೇಡ. ಎರಡನ್ನೂ ಮೆಚ್ಚಿಸುವ ನೀರು ಇಲ್ಲ.

ಹಾಗಾದರೆ ಎಷ್ಟು ಮೀನು? ಸಾಮಾನ್ಯವಾಗಿ ಮನೆಗಳಲ್ಲಿರುವುದು ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ. ಅದರಲ್ಲಿ ಸುಮಾರು 50 ಲೀಟರ್ ನೀರು ನಿಲ್ಲುತ್ತದೆ. ಫಿಲ್ಟರ್ ಇದ್ದು, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವವರಿಗೆ, ಸಣ್ಣ ಸಪೂರ ಮೀನಾದರೆ ಪೂರ್ತಿ ಬೆಳೆದಾಗಿನ ಉದ್ದದ ಒಂದು ಸೆಂಟಿಮೀಟರ್‌ಗೆ ಒಂದು ಲೀಟರ್ ಎಂದು ಲೆಕ್ಕ ಹಿಡಿಯಬಹುದು. ದಪ್ಪ ದೇಹದ ಗೋಲ್ಡ್ ಫಿಶ್‌ಗೆ ಈ ಲೆಕ್ಕ ಸಲ್ಲದು. ನಮ್ಮ ಬಾವಿ ನೀರಿನ ಆ 50 ಲೀಟರ್‌ಗೆ ನಾವು ಹೇಳುವ ಸಂಸಾರ ಇದು: ಏಳು ನಿಯೋನ್ ಟೆಟ್ರಾ ನಡು ನೀರಿಗೆ, ಐದು ಕೋರಿಡೋರಸ್ ಎಂಬ ಸಣ್ಣ ಮೀಸೆ ಮೀನು ತಳಕ್ಕೆ. ಅಷ್ಟೇ. ಎರಡೂ ಸಾಧು, ಎರಡೂ ಗುಂಪಿನಲ್ಲಿ ತಿರುಗುವವು, ಎರಡಕ್ಕೂ ಒಂದೇ ನೀರು. ಕೋರಿಡೋರಸ್ ಮಣ್ಣು ಕೆದಕುವ ಮೀನಾದುದರಿಂದ ತಳಕ್ಕೆ ಚೂಪು ಕಲ್ಲು ಹಾಕದೆ ನಯವಾದ ಹೊಳೆಮರಳು ಹಾಕಬೇಕು, ಇಲ್ಲದಿದ್ದರೆ ಮೀಸೆ ಸವೆದುಹೋಗುತ್ತದೆ. ಗಡುಸು ನೀರಿನ ಊರಿನವರು ಆರು ಗಂಡು ಗಪ್ಪಿ, ಮೂರು ಗಂಡು ಪ್ಲೇಟಿ ಇಟ್ಟುಕೊಳ್ಳಲಿ. ಗಂಡು ಮಾತ್ರ ಎಂದು ಒತ್ತಿ ಹೇಳುತ್ತೇವೆ. ಹೆಣ್ಣು ಗಪ್ಪಿ ಸುಮಾರು ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ಒಮ್ಮೆ ಗಂಡಿನೊಡನೆ ಸೇರಿದರೆ ಮತ್ತೆ ಗಂಡಿಲ್ಲದೆಯೇ ಕೆಲವು ತಿಂಗಳು ಮರಿ ಹಾಕುತ್ತಲೇ ಇರುತ್ತದೆ. “ಒಂದೇ ಹೆಣ್ಣು ತಂದದ್ದು ಫಾದರ್” ಎಂದು ಹೇಳಿ ಬಾಲ್ದಿ ತುಂಬ ಮರಿ ಹಿಡಿದು ಬಂದವರನ್ನು ನಾವು ಕಂಡಿದ್ದೇವೆ.

ಊರಿನ ಮೀನುಗಳನ್ನೇ ಸಾಕಬಾರದೇ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ, ಆದರೆ ಊರಿನದ್ದೆಂದ ಮಾತ್ರಕ್ಕೆ ಹೊಂದಿಕೆಯಾಗುವುದಿಲ್ಲ. ಹಿನ್ನೀರಿನಲ್ಲಿರುವ ಪಳ್ಳತ್ತಿ ಎಂಬ ಹಳದಿ ಮೀನು ಕರಿಮೀನಿನ ಮೈಮೇಲಿನ ಪರಾವಲಂಬಿಗಳನ್ನು ಹೆಕ್ಕಿ ತಿಂದು ಅದನ್ನು ಸ್ವಚ್ಛ ಮಾಡುತ್ತದೆ; ಅದೇ ಪಳ್ಳತ್ತಿ ಹೊತ್ತು ಸಿಕ್ಕಿದಾಗ ಕರಿಮೀನಿನ ಮೊಟ್ಟೆಯನ್ನೂ ಮರಿಯನ್ನೂ ತಿನ್ನುತ್ತದೆ. ಎಷ್ಟೋ ನೆರೆಮನೆಗಳ ಸಂಬಂಧವೂ ಹೀಗೇ ಇದೆಯಲ್ಲವೇ? ಮಿಸ್ ಕೇರಳ ಎಂದು ಹೆಸರಾದ, ಮೈಮೇಲೆ ಕೆಂಪು ಗೆರೆಯ ಮೀನು ನಮ್ಮ ಪಶ್ಚಿಮ ಘಟ್ಟದ ಹೊಳೆಗಳದ್ದೇ. ಫ್ರಾನ್ಸಿಸ್ ಡೇ ಎಂಬ ವಿಜ್ಞಾನಿ 1865ರಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಿದರು. ಹೊರದೇಶದ ಅಕ್ವೇರಿಯಂಗಳಿಗೆಂದು ಹೊಳೆಯಿಂದ ಲೆಕ್ಕವಿಲ್ಲದೆ ಹಿಡಿದು ಸಾಗಿಸಿದ್ದರಿಂದ ಅದು ಇಂದು ಅಳಿವಿನ ಅಂಚಿನಲ್ಲಿರುವ ಮೀನುಗಳ ಪಟ್ಟಿಯಲ್ಲಿದೆ. ಅದು ಗೇಣುದ್ದ ಬೆಳೆಯುವ, ಗುಂಪಿನಲ್ಲಿ ಹರಿವ ನೀರಿನಲ್ಲಿ ಈಜುವ ಮೀನು. ಎರಡು ಅಡಿಯ ತೊಟ್ಟಿ ಅದಕ್ಕೆ ಸಾಲದು. ಹೊಳೆಯಲ್ಲಿ ಕಂಡರೆ ನೋಡಿ ಸಂತೋಷಪಡಿ, ಬಲೆ ಹಾಕಬೇಡಿ.

ತೊಟ್ಟಿ ತಂದ ದಿನವೇ ಮೀನು ಹಾಕುವ ಅವಸರ ಬೇಡ. ಮೀನಿನ ಹೊಲಸಿನಿಂದ ಅಮೋನಿಯ ಹುಟ್ಟುತ್ತದೆ, ಅದು ವಿಷ. ಫಿಲ್ಟರ್‌ನಲ್ಲೂ ಮರಳಿನಲ್ಲೂ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಬೆಳೆದು ಅದನ್ನು ಮೊದಲು ನೈಟ್ರೈಟ್, ಮತ್ತೆ ನೈಟ್ರೇಟ್ ಆಗಿ ಬದಲಿಸುತ್ತವೆ. ಇದು ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಬೇಕು. ಹಸಿ ಸೆಗಣಿಯನ್ನು ನೇರ ಗಿಡದ ಬುಡಕ್ಕೆ ಹಾಕದೆ ಗುಂಡಿಯಲ್ಲಿ ಕೊಳೆಸುವವರಿಗೆ ಇದು ಹೊಸ ಪಾಠವಲ್ಲ. ಮೊದಲು ಎರಡು ಮೂರು ಮೀನು, ಎರಡು ವಾರ ಬಿಟ್ಟು ಮತ್ತೆ ಎರಡು ಮೂರು.

ಕೃಷಿಕರ ಮನೆಗಳಲ್ಲೇ ಆಗುವ ಎರಡು ಅನಾಹುತಗಳನ್ನು ಇಲ್ಲಿ ಹೇಳಲೇಬೇಕು. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುತ್ತೇವೆ, ಹಾಕಲೇಬೇಕು. ಆದರೆ ಮರುದಿನ ಅದೇ ನೀರನ್ನು ಸೇದಿ ತೊಟ್ಟಿಗೆ ಸುರಿದರೆ ಕ್ಲೋರಿನ್‌ನಿಂದ ಮೀನುಗಳ ಕಿವಿರು ಸುಟ್ಟುಹೋಗುತ್ತದೆ. ಆ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಎರಡು ದಿನ ಬಿಸಿಲಿಗೆ ತೆರೆದಿಟ್ಟು ಬಳಸಿ. ಎರಡನೆಯದು, ಬೋರ್ಡೋ ದ್ರಾವಣದ ಬಾಲ್ದಿ. ಮೈಲುತುತ್ತಿನ ತಾಮ್ರ ಮೀನಿಗೆ ತೀವ್ರ ವಿಷ. ಎಷ್ಟು ತೊಳೆದರೂ ಆ ಬಾಲ್ದಿ, ಮಗ್ಗು, ರಬ್ಬರ್ ನಳಿಗೆ ತೊಟ್ಟಿಯ ಹತ್ತಿರ ಬರಬಾರದು. ಒಂದು ಮನೆಯಲ್ಲಿ ಒಂದೇ ರಾತ್ರಿಯಲ್ಲಿ ಇಡೀ ತೊಟ್ಟಿ ಖಾಲಿಯಾದದ್ದು ಹೀಗೆ. ಪಾಪ, ಮನೆಯವರು ರೋಗವೆಂದು ತಿಳಿದು ಅಂಗಡಿಯಿಂದ ನೀಲಿ ಔಷಧಿ ತಂದಿದ್ದರು.

ಮನುಷ್ಯರ ಆರೋಗ್ಯದ ಎರಡು ಮಾತು ಸೇರಿಸುತ್ತೇವೆ. ನಳಿಗೆಯಿಂದ ನೀರು ಇಳಿಸುವಾಗ ಬಾಯಲ್ಲಿ ಎಳೆಯಬೇಡಿ; ನಳಿಗೆಯಲ್ಲಿ ಮೊದಲೇ ನೀರು ತುಂಬಿಸಿ ಇಳಿಸಬಹುದು. ಅಡಿಕೆ ಸುಲಿದು, ರಬ್ಬರ್ ಟ್ಯಾಪಿಂಗ್ ಮಾಡಿ ಗಾಯವಾದ ಕೈಯನ್ನು ತೊಟ್ಟಿಯೊಳಗೆ ಅದ್ದಬೇಡಿ. ಮೀನಿನ ನೀರಿನಲ್ಲಿರುವ ಒಂದು ಬಗೆಯ ರೋಗಾಣುವಿನಿಂದ ಕೈಯಲ್ಲಿ ತಿಂಗಳುಗಟ್ಟಲೆ ಮಾಯದ ಗಂಟು ಹುಣ್ಣುಗಳಾಗುವುದುಂಟು. ಅಂತಹ ಹುಣ್ಣಾದರೆ ವೈದ್ಯರಿಗೆ ತೊಟ್ಟಿಯ ವಿಷಯವನ್ನೂ ತಿಳಿಸಿರಿ, ಅವರು ಕೇಳದಿದ್ದರೂ. ಮೀನು ಸತ್ತು ಖಾಲಿಯಾದ ತೊಟ್ಟಿಯನ್ನು ಅಂಗಳದ ಮೂಲೆಯಲ್ಲಿ ಇಟ್ಟರೆ ಮೊದಲ ಮಳೆಗೇ ಅದು ಡೆಂಗ್ಯೂ ಸೊಳ್ಳೆಯ ತೊಟ್ಟಿಲಾಗುತ್ತದೆ. ಈ ಸೊಳ್ಳೆಯ ಮೊಟ್ಟೆ ಒಣಗಿದ ಗಾಜಿಗೆ ಅಂಟಿಕೊಂಡು ತಿಂಗಳುಗಳ ಕಾಲ ಇರಬಲ್ಲದು. ಉಜ್ಜಿ ತೊಳೆದು ಕವುಚಿ ಇಡಿ.

ಈಗ ನಮ್ಮ ಕಥೆ. ಕೆಲವು ವರ್ಷಗಳ ಹಿಂದೆ, 2016ರಲ್ಲಿ, ನಮಗೆ ಹಿತೈಷಿಗಳೊಬ್ಬರು ಒಂದು ಗಾಜಿನ ತೊಟ್ಟಿಯನ್ನು ಉಡುಗೊರೆಯಾಗಿ ಕೊಟ್ಟರು. ಪಾದ್ರಿಮನೆಯ ಜಗಲಿಯಲ್ಲಿ ಇಟ್ಟೆವು. ಅದರಲ್ಲಿ ಎರಡು ಸಕ್ಕರ್ ಮೀನುಗಳೂ ಇದ್ದವು. ಎರಡು ವರ್ಷ ಕಳೆಯುವಷ್ಟರಲ್ಲಿ ಅವು ಮೊಣಕೈಯಷ್ಟು ಉದ್ದವಾಗಿ, ನೆಟ್ಟ ಗಿಡಗಳನ್ನೆಲ್ಲ ಕಿತ್ತು, ರಾತ್ರಿಯಿಡೀ ಗಾಜಿಗೆ ಬಡಿಯತೊಡಗಿದವು. ಅಂಗಡಿಯವರು ಹಿಂದೆ ತೆಗೆದುಕೊಳ್ಳಲಿಲ್ಲ. ಕೊಲ್ಲಲು ನಮಗೆ ಮನಸ್ಸಾಗಲಿಲ್ಲ. ಒಂದು ಸಂಜೆ ಇಗರ್ಜಿಯ ಹಿಂದಿನ ಕೆರೆಗೆ ಒಯ್ದು ಬಿಟ್ಟೆವು. ನೀರಿಗೆ ಇಳಿದೊಡನೆ ಅವು ಸರ್ರನೆ ಆಳಕ್ಕೆ ಹೋದುದನ್ನು ಕಂಡು ಒಂದು ಜೀವಕ್ಕೆ ಬಿಡುಗಡೆ ಕೊಟ್ಟೆವೆಂಬ ಸಮಾಧಾನವೂ ಆಯಿತು. ದಯೆ ಎಂದುಕೊಂಡೆವು.

ನಾವು ಬಿಟ್ಟದ್ದನ್ನು ನೋಡಿದವರಿದ್ದರು. “ಪಾದ್ರಿಗಳೇ ಬಿಟ್ಟಿದ್ದಾರೆ” ಎಂಬ ಮಾತು ಹಬ್ಬಿ, ತಮ್ಮ ಮನೆಯಲ್ಲಿ ಹೆಚ್ಚಾದ, ದೊಡ್ಡದಾದ ಮೀನುಗಳನ್ನು ಇನ್ನೂ ಕೆಲವರು ಅದೇ ಕೆರೆಗೆ ತಂದು ಬಿಟ್ಟರಂತೆ. ಇದು ನಮಗೆ ತಿಳಿದುದು ತಡವಾಗಿ. 2023ರ ಏಪ್ರಿಲಿನಲ್ಲಿ ಹೂಳೆತ್ತಲೆಂದು ಕೆರೆಯ ನೀರು ಇಳಿಸಿದಾಗ ದಂಡೆಯ ಮಣ್ಣಿನಲ್ಲಿ ಕೈ ತೋಳಿನವರೆಗೆ ಹೋಗುವ ಬಿಲಗಳು ಕಂಡವು. ಒಳಗೆ ಸಕ್ಕರ್ ಮೀನುಗಳು. ಅವು ದಂಡೆಯಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತವೆ, ಗಂಡು ಕಾವಲು ಕೂರುತ್ತದೆ. ಮೈಯೆಲ್ಲ ಗಟ್ಟಿ ಕವಚ, ಮುಳ್ಳು, ಕೊಕ್ಕರೆಗೂ ನುಂಗಲಾಗದು. ಹೊಟ್ಟೆಗೆ ಗಾಳಿ ಎಳೆದುಕೊಂಡು ನೀರಿಲ್ಲದೆಯೂ ತಾಸುಗಟ್ಟಲೆ ಬದುಕುತ್ತವೆ. ಬುಟ್ಟಿ ಬುಟ್ಟಿ ಹೊತ್ತು ಹಾಕಿದೆವು. ಬಾಲ್ಯದಿಂದ ಆ ಕೆರೆಯಲ್ಲಿ ಗಾಳ ಹಾಕುತ್ತಿದ್ದ ಹಿರಿಯರೊಬ್ಬರು ದಂಡೆಯಲ್ಲಿ ನಿಂತು, “ಮೊದಲಿನ ಸಣ್ಣ ಮೀನು ಒಂದೂ ಕಾಣುವುದಿಲ್ಲ ಫಾದರ್” ಎಂದರು. ಅವರು ನಮ್ಮನ್ನು ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು. ಬಿಲಗಳಿಂದ ಸಡಿಲವಾದ ದಂಡೆ ಆ ಮಳೆಗಾಲದಲ್ಲಿ ಎರಡು ಕಡೆ ಕುಸಿದು, ಕೆಳಗಿನ ಗದ್ದೆಯವರಿಗೆ ನಷ್ಟವಾಯಿತು.

ಇದು ನಮ್ಮ ಒಂದು ಕೆರೆಯ ಕಥೆ ಮಾತ್ರವಲ್ಲ. 2018ರ ಆಗಸ್ಟ್ ತಿಂಗಳ ಮಹಾನೆರೆಯ ನಂತರ ಕೇರಳದ ಹೊಳೆಗಳಲ್ಲಿ ಅಮೆಜಾನಿನ ಅರಪೈಮ, ಅಮೆರಿಕದ ಅಲಿಗೇಟರ್ ಗಾರ್ ಎಂಬ ದೈತ್ಯ ಮೀನುಗಳು ಬಲೆಗೆ ಬಿದ್ದುವು. ಶೋಕಿಗೆ ಸಾಕಿದವರ ಕೊಳಗಳಿಂದ ನೆರೆನೀರಿನಲ್ಲಿ ಕೊಚ್ಚಿಬಂದವು ಅವು. ಆಂಧ್ರದಲ್ಲಿ ಕೃಷ್ಣಾ ನದಿಯ ಮೀನುಗಾರರು ಇದೇ ಸಕ್ಕರ್ ಮೀನನ್ನು ದೆವ್ವದ ಮೀನು ಎಂದು ಕರೆದು ಹರಿದ ಬಲೆ ತೋರಿಸುತ್ತಾರೆ. ಆಫ್ರಿಕದ ಮುಗುಡು ಮೀನನ್ನು ಸಾಕುವುದನ್ನು ನಮ್ಮ ದೇಶದಲ್ಲಿ ನಿಷೇಧಿಸಿ ಬಹಳ ವರ್ಷಗಳಾದರೂ ಅದು ಇನ್ನೂ ಕೆರೆಗಳಲ್ಲಿದೆ. ಒಮ್ಮೆ ನೀರಿಗಿಳಿದುದನ್ನು ಕಾನೂನು ಹಿಂದೆ ಕರೆಯಲಾರದು.

ಗಪ್ಪಿಯ ವಿಷಯದಲ್ಲಿ ನಮಗೆ ಬಹಳ ಜನ ಎದುರು ಮಾತಾಡುತ್ತಾರೆ. ಸೊಳ್ಳೆ ಮರಿ ತಿನ್ನುತ್ತದೆಯೆಂದು ಆರೋಗ್ಯ ಇಲಾಖೆಯವರೇ ಹಂಚುವುದುಂಟಲ್ಲವೇ ಎಂದು ಕೇಳುತ್ತಾರೆ. ಹೌದು. ಹರಿದುಹೋಗದ ಸಿಮೆಂಟಿನ ಟಾಂಕಿಗೆ, ತೋಟದ ನೀರಿನ ತೊಟ್ಟಿಗೆ ನಾಲ್ಕು ಗಪ್ಪಿ ಹಾಕಿದರೆ ನಮ್ಮ ಆಕ್ಷೇಪವಿಲ್ಲ. ತೋಡಿಗೆ, ಮದಕಕ್ಕೆ, ಗದ್ದೆಯ ಹೊಂಡಕ್ಕೆ ಬೇಡ. ಅಲ್ಲಿ ಆ ಕೆಲಸ ಮಾಡುವ ಊರಿನ ಮೀನು ಮೊದಲೇ ಇದೆ. ನೆತ್ತಿಯ ಮೇಲೆ ಬೆಳ್ಳಿಯ ಚುಕ್ಕೆ ಹೊತ್ತು ನೀರಿನ ಮೇಲ್ಮೈಯಲ್ಲೇ ತಿರುಗುವ ಸಣ್ಣ ಮೀನನ್ನು ನೀವೆಲ್ಲ ಕಂಡಿದ್ದೀರಿ. ನೆರೆಯ ಮಲೆಯಾಳದವರು ಮಾನತ್ತುಕಣ್ಣಿ ಎನ್ನುತ್ತಾರೆ. ಸೊಳ್ಳೆ ಮರಿ ಅದಕ್ಕೆ ಇಷ್ಟದ ಊಟ. ಅದನ್ನು ಉಳಿಸಿಕೊಂಡರೆ ಸಾಕು.

ಬೇಡವಾದ ಮೀನನ್ನು ಏನು ಮಾಡಬೇಕು? ಮೊದಲು ಅಂಗಡಿಯವರನ್ನು ಕೇಳಿ. ಕೊಳ್ಳುವಾಗಲೇ ದೊಡ್ಡದಾದರೆ ಹಿಂದೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರೆ ಇನ್ನೂ ಒಳ್ಳೆಯದು. ಇಲ್ಲವಾದರೆ ದೊಡ್ಡ ತೊಟ್ಟಿಯಿರುವ ಪರಿಚಯದವರಿಗೆ ಕೊಡಿ. ಎರಡೂ ಆಗದಿದ್ದರೆ ಲವಂಗದ ಎಣ್ಣೆಯನ್ನು ಸ್ವಲ್ಪ ಬಿಸಿನೀರಿನಲ್ಲಿ ಚೆನ್ನಾಗಿ ಕುಲುಕಿ ಮೀನಿರುವ ಬಾಲ್ದಿಗೆ ಹನಿಹನಿಯಾಗಿ ಸೇರಿಸಿದರೆ ಮೀನು ಮೊದಲು ಪ್ರಜ್ಞೆ ತಪ್ಪುತ್ತದೆ. ಆಮೇಲೆ ಇನ್ನಷ್ಟು ಸೇರಿಸಿ, ಕಿವಿರು ಆಡುವುದು ಪೂರ್ತಿ ನಿಂತು ಅರ್ಧ ಗಂಟೆ ಬಿಟ್ಟು ತೆಂಗಿನ ಬುಡದಲ್ಲಿ ಹೂಳಿ. ಕೇಳಲು ಕಠಿಣವೆನಿಸುತ್ತದೆ. ನಮಗೂ ಹಾಗೇ ಅನಿಸಿತ್ತು, 2018ರ ಆ ಸಂಜೆ, ಕೆರೆಯ ದಂಡೆಯಲ್ಲಿ.

ಪಾದ್ರಿಮನೆಯ ಹಿಂದೆ, ಹಳೆಯ ಹಟ್ಟಿಯ ಬದಿಯಲ್ಲಿ ಒಂದು ಸಿಮೆಂಟಿನ ಟಾಂಕಿಯಿದೆ. ಆರು ಅಡಿ ಉದ್ದ, ಮಳೆನೀರು ಉಕ್ಕಿ ಹೊರಹೋಗದಂತೆ ಮೇಲೆ ಶೀಟು ಹೊದಿಸಿ, ಬದಿಗೆ ಬಲೆ ಕಟ್ಟಿದ್ದೇವೆ. ಸಾಕಲಾಗದ ಮೀನುಗಳಿದ್ದರೆ ಆದಿತ್ಯವಾರ ಎರಡನೇ ಪೂಜೆಯ ನಂತರ ಅಲ್ಲಿಗೆ ತನ್ನಿ, ಯಾರೂ ಏನೂ ಕೇಳುವುದಿಲ್ಲ. ಬೇಕಾದವರು ಅಲ್ಲಿಂದ ಒಯ್ಯಲೂಬಹುದು. ಆ ಹುಡುಗಿಯ ಮನೆಯ ಮೂರು ಏಂಜಲ್ ಮೀನುಗಳು ಈಗ ಅಲ್ಲೇ ಇವೆ. ಗಪ್ಪಿ ಮಾತ್ರ ಸದ್ಯಕ್ಕೆ ತರಬೇಡಿ, ಜಾಗವಿಲ್ಲ.